ನಂದಿ ತಪ್ಪಲಿನ ನೆರಳಿಗೆ ಫಾಕ್ಸ್‌ಗ್ಲೋವ್

ಎಳ್ಳಿನ ಹೊಲ ಹೂ ಬಿಟ್ಟಿದ್ದನ್ನು ಕಂಡವರಿಗೆ ಫಾಕ್ಸ್‌ಗ್ಲೋವ್ ಹೂವಿನ ಪರಿಚಯ ಅರ್ಧ ಆದಂತೆಯೇ. ಅದೇ ಜೋತುಬಿದ್ದ ಗಂಟೆ, ಆದರೆ ಬೆರಳು ತೂರುವಷ್ಟು ದೊಡ್ಡದು. ಒಳಗೆಲ್ಲ ಚುಕ್ಕೆ. ಒಂದೇ ಕಡ್ಡಿಯಲ್ಲಿ ಕೆಳಗಿನಿಂದ ಮೇಲಕ್ಕೆ ಹತ್ತಾರು ಹೂ ಸಾಲಾಗಿ ಅರಳುತ್ತವೆ. 1542ರಲ್ಲಿ ಜರ್ಮನಿಯ ಸಸ್ಯತಜ್ಞ ಲಿಯೊನ್‌ಹಾರ್ಟ್ ಫುಕ್ಸ್ ಇದಕ್ಕೆ ಡಿಜಿಟಾಲಿಸ್ ಎಂದು ಹೆಸರಿಟ್ಟಿದ್ದೂ ಬೆರಳನ್ನು ನೆನೆದೇ. ಯುರೋಪಿನ ಕಾಡಂಚಿನ ಈ ಗಿಡ ನಮ್ಮ ಚಿಕ್ಕಬಳ್ಳಾಪುರದಲ್ಲೂ ಹೂ ಬಿಡುತ್ತದೆ. ಅಲ್ಲಿಯವರ ತಿಂಗಳ ಲೆಕ್ಕವನ್ನು ಮಾತ್ರ ಮರೆತುಬಿಡಬೇಕು.

ತಳಿ ನೋಡಿ ಕೊಳ್ಳಿ

ಮಾಮೂಲಿ ಫಾಕ್ಸ್‌ಗ್ಲೋವ್ ಎರಡು ವರ್ಷದ ಗಿಡ. ಮೊದಲ ವರ್ಷ ಎಲೆ, ಒಂದು ಗಟ್ಟಿ ಚಳಿಗಾಲ ಕಳೆದ ಮೇಲೆ ಹೂ. ಅಷ್ಟು ಚಳಿ ನಮ್ಮಲ್ಲಿ ಎಲ್ಲಿಂದ ತರುವುದು? 1,478 ಮೀಟರ್ ಎತ್ತರದ ನಂದಿ ಬೆಟ್ಟದ ಮೇಲಿನ ಮಾತು ಬೇರೆ; ಕೆಳಗೆ ಊರಲ್ಲಿ ಅದು ಬರೀ ಎಲೆ ಬಿಟ್ಟುಕೊಂಡು ಕೂತು ಏಪ್ರಿಲ್ ಬಿಸಿಲಿಗೆ ಬಾಡುತ್ತದೆ. ಹಾಗಾಗಿ ಬಿತ್ತಿದ ಐದಾರು ತಿಂಗಳಿಗೇ ಹೂ ಕೊಡುವ ತಳಿ ಹುಡುಕಿ. 'ಫಾಕ್ಸಿ' ಅಂಥ ಹಳೆಯ ತಳಿ, 1967ರಲ್ಲಿ ಅಮೆರಿಕದಲ್ಲಿ ಬಹುಮಾನ ಪಡೆದದ್ದು. 'ಕ್ಯಾಮೆಲಾಟ್', 'ಡಾಲ್ಮೇಷಿಯನ್' ಈಚಿನವು. ಪೊಟ್ಟಣದ ಮೇಲೆ ಮೊದಲ ವರ್ಷವೇ ಹೂ ಎಂದು ಬರೆದಿಲ್ಲದಿದ್ದರೆ ದುಡ್ಡು ದಂಡ.

ಬಿತ್ತನೆ: ಮಣ್ಣು ಮುಚ್ಚಬೇಡಿ

ಹೂ ಅರಳಬೇಕಾದದ್ದು ಜನವರಿ, ಫೆಬ್ರವರಿಯಲ್ಲಿ, ಬಿಸಿಲು ಬಲಿಯುವ ಮುಂಚೆ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಆಗಸ್ಟ್ ಕೊನೆಯ ವಾರ ಬಿತ್ತಬೇಕು. ಗಣೇಶನ ಹಬ್ಬದ ಆಸುಪಾಸು ಎಂದಿಟ್ಟುಕೊಳ್ಳಿ.

ಬೀಜ ಗಸಗಸೆಗಿಂತ ಸಣ್ಣದು, ಉಸಿರು ಬಿಟ್ಟರೆ ಹಾರುತ್ತದೆ. ರಾಗಿ ಒಟ್ಲು ಹಾಕಿದ ಅಭ್ಯಾಸದಲ್ಲಿ ನಾನು ಮೊದಲ ಸಲ ಇದರ ಮೇಲೂ ತೆಳ್ಳಗೆ ಮಣ್ಣು ಉದುರಿಸಿದೆ. ಒಂದು ತಿಂಗಳು ಕಾದರೂ ಒಂದೂ ಮೊಳೆಯಲಿಲ್ಲ. ಬೀಜ ಕೊಟ್ಟವನನ್ನು ಬೈದದ್ದಷ್ಟೇ ಲಾಭ, ತಪ್ಪು ನನ್ನದೇ. ಈ ಬೀಜಕ್ಕೆ ಮೊಳೆಯಲು ಬೆಳಕು ಬೇಕು.

ಟೊಮೆಟೊ ನರ್ಸರಿಯವರು ಬಳಸುವ ಪ್ರೋಟ್ರೇ, ಅಂದರೆ ಸಾಲು ಗುಳಿಗಳ ಪ್ಲಾಸ್ಟಿಕ್ ಟ್ರೇ, ನಮ್ಮ ಕಡೆ ಸುಲಭವಾಗಿ ಸಿಗುತ್ತದೆ. ಅದಕ್ಕೆ ಚೆನ್ನಾಗಿ ತೊಳೆದ ತೆಂಗಿನ ನಾರಿನ ಪುಡಿ ಎರಡು ಪಾಲು, ಜರಡಿ ಹಿಡಿದ ಎರೆಗೊಬ್ಬರ ಒಂದು ಪಾಲು ಬೆರೆಸಿ ತುಂಬಿ, ಮೊದಲೇ ನೆನೆಸಿಡಿ. ಬೀಜವನ್ನು ಒಂದು ಚಮಚ ಒಣ ಮರಳಿಗೆ ಕಲಸಿ, ಚಿಟಿಕೆ ಚಿಟಿಕೆಯಾಗಿ ಉದುರಿಸಿ, ಬೆರಳಲ್ಲಿ ಮೆಲ್ಲಗೆ ಒತ್ತಿಬಿಡಿ. ಮೇಲಿನಿಂದ ನೀರು ಸುರಿದರೆ ಬೀಜವೆಲ್ಲ ಒಂದು ಮೂಲೆ ಸೇರುತ್ತದೆ. ಟ್ರೇಯನ್ನು ಅಗಲವಾದ ತಟ್ಟೆಯಲ್ಲಿಟ್ಟು ತಟ್ಟೆಗೇ ನೀರು ಹುಯ್ಯಿರಿ, ಅದು ಕೆಳಗಿನಿಂದ ಹೀರಿಕೊಳ್ಳುತ್ತದೆ. ಬೋರ್‌ವೆಲ್‌ನ ಗಡಸು ನೀರಿಗಿಂತ ಹಿಡಿದಿಟ್ಟ ಮಳೆನೀರು ಒಳ್ಳೆಯದು.

18ರಿಂದ 22 ಡಿಗ್ರಿ ಸೆಲ್ಸಿಯಸ್ ಇದ್ದರೆ ಎರಡು, ಮೂರು ವಾರಕ್ಕೆ ಹಸಿರು ಚುಕ್ಕೆ ಕಾಣುತ್ತದೆ. ತಾರಸಿ ಬೇಡ, ಮಳೆ ಹನಿ ಬೀಳದ, ಬೆಳಕಿರುವ, ತಣ್ಣಗಿನ ಜಗುಲಿ ಸಾಕು. ಮೊಳೆತ ಮೇಲೆ ಗಾಳಿ ಆಡಲಿ, ಇಲ್ಲದಿದ್ದರೆ ಬುಡ ಕೊಳೆತು ಒಂದೇ ರಾತ್ರಿಗೆ ಪೈರು ಮಲಗಿಬಿಡುತ್ತದೆ.

ನಾಟಿ: ಯಾವ ನೆರಳು?

ನೆರಳಿನ ಗಿಡ ಎಂದು ಮಾವಿನ ಮರದ ಬುಡದ ಕತ್ತಲೆಗೆ ತಳ್ಳಬೇಡಿ. ಅಲ್ಲಿ ಬೆಳಕೂ ಇಲ್ಲ, ಇರುವ ನೀರನ್ನೆಲ್ಲ ಮರದ ಬೇರೇ ಕುಡಿಯುತ್ತದೆ. ಬೆಳಿಗ್ಗೆ ಹತ್ತರವರೆಗೆ ಎಳೆಬಿಸಿಲು ಬಿದ್ದು ಆಮೇಲೆ ಗೋಡೆಯ ನೆರಳಿಗೆ ಹೋಗುವ, ಮನೆಯ ಪೂರ್ವದ ಮಗ್ಗುಲು ಇದಕ್ಕೆ ಹೇಳಿ ಮಾಡಿಸಿದ್ದು. ಹೊಂಗೆಯ ಚದುರಿದ ನೆರಳೂ ಆದೀತು, ಬುಡದಿಂದ ದೂರವಿದ್ದರೆ.

ಮೊಳಕೆಯ ಮೊದಲ ಜೋಡಿ ಎಲೆ ಬಿಟ್ಟು ನಾಲ್ಕೈದು ನಿಜವಾದ ಎಲೆ ಬಂದ ಮೇಲೆ ಒಂದೊಂದು ಅಡಿ ಅಂತರದಲ್ಲಿ ನೆಡಿ. ನಮ್ಮ ಕೆಂಪು ಮಣ್ಣಿಗೆ ಕೊಟ್ಟಿಗೆ ಗೊಬ್ಬರವೋ ಎಲೆಗೊಬ್ಬರವೋ ಧಾರಾಳವಾಗಿ ಸೇರಲಿ. ಗಿಡದ ನಡುಸುಳಿ ಮಣ್ಣಲ್ಲಿ ಹೂತರೆ ಕೊಳೆಯುತ್ತದೆ. ಯೂರಿಯಾ ಹಾಕಿದರೆ ಬರುವುದು ಎಲೆ, ಹೂವಲ್ಲ. ಕಡ್ಡಿ ಎದ್ದಾಗ ಒಂದು ಊರೆಗೋಲು ಕೊಡಿ.

ಇದು ಸೊಪ್ಪಲ್ಲ

ಹೂ ಬರುವ ಮುಂಚೆ ನವೆಂಬರ್‌ನಲ್ಲಿ ಗಿಡ ದಪ್ಪ ಎಲೆಗಳ ಗುಂಪಾಗಿ ನೆಲಕ್ಕೆ ಅಂಟಿ ಕೂತಿರುತ್ತದೆ. ಪಕ್ಕದ ಮನೆ ಅಜ್ಜಿ ಕಾಂಪೌಂಡಿನಿಂದ ಬಗ್ಗಿ ನೋಡಿ, "ಇದೇನ್ ಸೊಪ್ಪಪ್ಪಾ, ಬೆರಕೆಗೆ ಹಾಕ್ಬೋದಾ?" ಅಂದರು. ಎದೆ ಧಸಕ್ಕೆಂದಿತು. ಹೊಲದ ಬದುವಿನಲ್ಲಿ ಹತ್ತು ಬಗೆ ಸೊಪ್ಪು ಕಿತ್ತು ಬಸ್ಸಾರು ಮಾಡುವ ನಮ್ಮ ಸೀಮೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ.

ಬೇರಿನಿಂದ ಬೀಜದವರೆಗೆ ಈ ಗಿಡ ವಿಷ. ಹೂದಾನಿಯಲ್ಲಿಟ್ಟರೆ ಆ ನೀರೂ ಕುಡಿಯುವಂತಿಲ್ಲ. 1785ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಇದರ ಎಲೆಯನ್ನು ಅಳೆದು ತೂಗಿ, ಮೈ ಬಾತುಕೊಂಡ ರೋಗಿಗಳಿಗೆ ಕೊಟ್ಟು ಬರೆದ ವರದಿಯಿಂದಲೇ ಇದು ಹೃದಯದ ಮದ್ದಾಗಿ ಹೆಸರಾಯಿತು. ಮದ್ದಿಗೂ ವಿಷಕ್ಕೂ ನಡುವೆ ಕೂದಲೆಳೆಯ ಅಂತರ. ಮನೆಮದ್ದಿನ ಯೋಚನೆಯೇ ಬೇಡ. ಯಾರಾದರೂ ತಿಂದುಬಿಟ್ಟರೆ ವಾಂತಿಗೆ ಕಾಯದೆ ಎಲೆಯ ಸಮೇತ ಆಸ್ಪತ್ರೆಗೆ ಓಡಿ. ತೆವಳುವ ಮಗುವಿರುವ ಮನೆಗೆ ಈ ಗಿಡ ಬೇಡವೆಂದೇ ನನ್ನ ಸಲಹೆ. ಮುಟ್ಟಿದ ಮೇಲೆ ಕೈ ತೊಳೆಯಿರಿ. ಸೊಪ್ಪಿನ ಮಡಿಯ ಪಕ್ಕ ಇದನ್ನು ನೆಡಲೇಬೇಡಿ.

ಹೂ ಮುಗಿದ ಮೇಲೆ

ನಡುಕಡ್ಡಿ ಒಣಗುತ್ತಲೇ ಕತ್ತರಿಸಿದರೆ ಬದಿಯಿಂದ ಸಣ್ಣ ಕಡ್ಡಿಗಳು ಎದ್ದು ಇನ್ನೊಂದಿಷ್ಟು ದಿನ ಹೂ ಬರುತ್ತದೆ. ಬೀಜ ಬೇಕಿದ್ದರೆ ಒಂದು ಕಡ್ಡಿಯನ್ನು ಮಾತ್ರ ಬಿಟ್ಟು, ಕಾಯಿ ಕಂದಾದಾಗ ಕಾಗದದ ಚೀಲಕ್ಕೆ ಒದರಿಕೊಳ್ಳಿ. ಹೈಬ್ರಿಡ್ ತಳಿಯಾಗಿದ್ದರೆ ಮರುವರ್ಷ ಅದೇ ಬಣ್ಣ ಬರುವ ಖಾತ್ರಿಯಿಲ್ಲ. ಏಪ್ರಿಲ್‌ಗೆ ಗಿಡ ಕಿತ್ತು ಗುಂಡಿಯಲ್ಲಿ ಮುಚ್ಚಿ. ಒಣಗಿದರೂ ವಿಷ ಹೋಗುವುದಿಲ್ಲ, ಬೀದಿಗೆಸೆದರೆ ದನವೋ ಮೇಕೆಯೋ ಬಾಯಿ ಹಾಕೀತು.