ಕುಡಿದಾಗ ಕಣ್ಣಿನ ಓಲಾಟ ನಿಂತರೆ ಡಾಕ್ಟರಿಗೆ ಹೇಳುವುದು ಹೇಗೆ?

ಓದಲು ಕೂತರೆ ಸಾಲುಗಳು ಅಲ್ಲಾಡುತ್ತವೆ, ಎದುರಿದ್ದವರ ಮುಖ ಒಂದೆಡೆ ನಿಲ್ಲುವುದಿಲ್ಲ. ಕಣ್ಣುಗುಡ್ಡೆ ತಾನಾಗಿಯೇ ಓಲಾಡುವ ಈ ತೊಂದರೆಗೆ ನಿಸ್ಟಾಗ್ಮಸ್ ಎಂದು ಹೆಸರು. ಮಿದುಳು, ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆ ಇರುವ ಕೆಲವರಲ್ಲಿ ಇದು ಗಡಿಯಾರದ ಲೋಲಕದ ಹಾಗೆ ಒಂದೇ ಸಮನೆ ತೂಗುತ್ತದೆ. ಅಂಥವರಲ್ಲಿ ಒಬ್ಬಿಬ್ಬರು ಸಂಕೋಚದಿಂದ ಹೇಳುವುದುಂಟು: ಸ್ವಲ್ಪ ಕುಡಿದರೆ ಕಣ್ಣು ನಿಲ್ಲುತ್ತೆ ಅಂತ. ಸುಮ್ನೆ ಹೇಳುವ ನೆಪವಲ್ಲ ಇದು, ವೈದ್ಯರೂ ಗಮನಿಸಿದ್ದಾರೆ.

ವಿಚಿತ್ರ ಅಲ್ವಾ? ಆರೋಗ್ಯವಂತರು ಜಾಸ್ತಿ ಕುಡಿದರೆ ಅವರ ಕಣ್ಣೇ ಓಲಾಡತೊಡಗುತ್ತದೆ. ಒಳಗಿವಿಯಲ್ಲಿ ತಲೆಯ ತಿರುವನ್ನು ಗುರುತಿಸುವ ಮೆತ್ತನೆಯ ಪರದೆಯೊಂದಿದೆ. ಮದ್ಯ ಮೊದಲು ಅದರೊಳಗೆ ಇಳಿಯುತ್ತದೆ, ಸುತ್ತಲಿನ ದ್ರವಕ್ಕೆ ಆಮೇಲೆ. ಪರದೆ ಹಗುರಾಗುತ್ತದೆ, ಮಲಗಿದರೆ ಕೋಣೆ ತಿರುಗುತ್ತದೆ. ಮದ್ಯ ಹೊರಹೋಗುವಾಗ ಕಣ್ಣಿನ ಓಲಾಟದ ದಿಕ್ಕೇ ಉಲ್ಟಾ! ಆದರೆ ಅದೇ ಮದ್ಯ ಮಿದುಳಿನಲ್ಲಿ ನರಗಳನ್ನು ಕೆರಳಿಸುವ ಗ್ಲುಟಮೇಟ್ ಎಂಬ ರಾಸಾಯನಿಕದ ಪ್ರಭಾವವನ್ನು ತಗ್ಗಿಸುತ್ತದೆ. ಲೋಲಕದಂಥ ಓಲಾಟಕ್ಕೆ ಕೊಡುವ ಮೆಮಾಂಟೈನ್ ಮಾತ್ರೆಯೂ ಗ್ಲುಟಮೇಟಿನ ಕೆಲಸಕ್ಕೇ ಅಡ್ಡ ಬರುತ್ತದೆ. ಕುಡಿದಾಗ ಕಣ್ಣು ನಿಂತದ್ದು ಡಾಕ್ಟರಿಗೊಂದು ಸುಳಿವು ಎನ್ನುವುದು ಇದಕ್ಕೇ.

ಮೊದಲು: ಪರೀಕ್ಷೆಗೆಂದು ಕುಡಿಯಬೇಡಿ. ಹಿಂದೆ ಗಮನಿಸಿದ್ದನ್ನು ಬರೆದಿಡಿ, ಸಾಕು. ಎಷ್ಟು ಕುಡಿದಿದ್ದಿರಿ, ಎಷ್ಟು ಹೊತ್ತಿಗೆ ಕಣ್ಣು ನಿಂತಿತು, ಮತ್ತೆ ಯಾವಾಗ ಶುರುವಾಯಿತು? ನಡಿಗೆ ಕೆಟ್ಟಿತೇ? ಇದನ್ನು ಬಿಡಬೇಡಿ, ಕಣ್ಣು ನಿಂತು ಕಾಲು ತಪ್ಪಿದರೆ ಲಾಭವೇನು?

ಆಮೇಲೆ ಕುಡಿಯದ ದಿನ ವಿಡಿಯೊ ಮಾಡಿಸಿ. ಫೋನ್ ಬೇರೆಯವರ ಕೈಯಲ್ಲಿರಲಿ, ಬೆಳಕು ಚೆನ್ನಾಗಿರಲಿ. ತಲೆ ಅಲ್ಲಾಡಿಸದೆ ನೇರ, ಎಡ, ಬಲ, ಮೇಲೆ, ಕೆಳಗೆ ನೋಡಿ. ಒಂದೊಂದು ಕಡೆ ಹತ್ತು ಸೆಕೆಂಡ್.

ನುಂಗುವ ಮಾತ್ರೆಗಳ ಪಟ್ಟಿಯನ್ನೂ ಒಯ್ಯಿರಿ. ಈ ತೊಂದರೆಗೆ ಕೊಡುವ ಗ್ಯಾಬಪೆಂಟಿನ್ ಜೊತೆ ಮದ್ಯ ಸೇರಿದರೆ ಮಂಪರು ಹೆಚ್ಚುತ್ತದೆ, ಉಸಿರಾಟವೂ ಕುಗ್ಗಬಹುದು.

ಕುಡಿದರೆ ಓಲಾಟ ಹೆಚ್ಚುತ್ತದೆ ಎಂದರೆ ಅದನ್ನೂ ಹೇಳಿ. ಎಪಿಸೋಡಿಕ್ ಅಟಾಕ್ಸಿಯಾ ಎಂಬ ವಂಶಪಾರಂಪರ್ಯ ಕಾಯಿಲೆಯ ಒಂದು ಬಗೆಯಲ್ಲಿ ಮದ್ಯವೇ ತೂರಾಟವನ್ನು ಕೆರಳಿಸಬಹುದು.

ಒಂದಕ್ಕೆ ಮಾತ್ರ ಪಟ್ಟಿ, ವಿಡಿಯೊ ಎಂದು ಕಾಯಬೇಡಿ. ದಿನವೂ ಕುಡಿಯುವವರಿಗೆ ಹೊಸದಾಗಿ ಕಣ್ಣು ಓಲಾಡಿ, ನಡಿಗೆ ತಪ್ಪಿ, ಮನಸ್ಸು ಗೊಂದಲವಾದರೆ ಬಿ1 ಜೀವಸತ್ವದ ಕೊರತೆಯಿಂದ ಬರುವ ವೆರ್ನಿಕೆ ಕಾಯಿಲೆ ಇರಬಹುದು. ಆ ಹೊತ್ತಿಗೇ ಆಸ್ಪತ್ರೆಗೆ ಕರೆದೊಯ್ಯಿರಿ, ಕುಡಿತದ ವಿಷಯ ಮುಚ್ಚಿಡಬೇಡಿ.