ಗಿಡಗಳ ಅಕ್ವೇರಿಯಂಗೆ ಸಿಓಟು: ಯಾವುದನ್ನು ಆರಿಸಬೇಕು?

ಮೊದಲು ಗಿಡ ನೋಡಿ. ಅನುಬಿಯಾಸ್, ಜಾವಾ ಫರ್ನ್ ಸಾಕು, ದೀಪವೂ ಸಾಧಾರಣದ್ದು ಅನ್ನುವುದಾದರೆ ಸಿಓಟು (ಗಿಡ ಬೆಳೆಯಲೆಂದು ನೀರಿಗೆ ಬಿಡುವ ಇಂಗಾಲದ ಡೈಆಕ್ಸೈಡ್ ಅನಿಲ) ಬೇಕಾಗಿಯೇ ಇಲ್ಲ. ನೆಲಕ್ಕೆ ಹಬ್ಬುವ ಹುಲ್ಲು, ಕೆಂಪೆಲೆಯ ಗಿಡಗಳ ಆಸೆಯಿದ್ದರೆ ಮಾತ್ರ ಮುಂದೆ ಯೋಚಿಸಿ.

ಸಕ್ಕರೆ-ಯೀಸ್ಟ್ ಹುದುಗಿ ಸಿಓಟು ಬಿಡುವ ಬಾಟಲಿ ಪುಟ್ಟ ತೊಟ್ಟಿಗೆ ಆದೀತು. ಆದರೆ ಮೊದಮೊದಲು ಉಕ್ಕಿ ಆಮೇಲೆ ಸೊರಗುತ್ತದೆ, ರಾತ್ರಿ ನಿಲ್ಲಿಸಲೂ ಆಗದು. ಈ ಏರಿಳಿತ ಪಾಚಿಗೆ ಹಬ್ಬ. ಸಿಟ್ರಿಕ್ ಆಮ್ಲ ಮತ್ತು ಅಡುಗೆ ಸೋಡಾದ ಕಿಟ್ ಇದಕ್ಕಿಂತ ಮೇಲು.

ತೊಟ್ಟಿ 60 ಲೀಟರ್ ದಾಟಿದರೆ ನೇರ ಸಿಲಿಂಡರಿಗೇ ಹೋಗಿ ಅನ್ನುತ್ತೇನೆ. ದುಡ್ಡು ಉಳಿಸುವುದಿದ್ದರೆ ಅನಿಲವನ್ನು ಸಣ್ಣ ಗುಳ್ಳೆಗಳಾಗಿ ನೀರಿಗೆ ಬಿಡುವ ಡಿಫ್ಯೂಸರಿನಲ್ಲಿ ಉಳಿಸಿ, ಸಿಲಿಂಡರಿನ ಒತ್ತಡ ತಗ್ಗಿಸುವ ರೆಗ್ಯುಲೇಟರಿನಲ್ಲಿ ಖಂಡಿತ ಬೇಡ. ಸಿಲಿಂಡರಿನೊಳಗೆ ಸಿಓಟು ದ್ರವವಾಗಿರುತ್ತದೆ. ದ್ರವ ಇರುವ ತನಕ ಒತ್ತಡದ ಮೀಟರಿನ ಮುಳ್ಳು ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ಮುಗಿದ ಮೇಲೆ ಸರ್ರನೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಒಂದೇ ಹಂತದ ರೆಗ್ಯುಲೇಟರಿನಿಂದ ಹೊರಬರುವ ಒತ್ತಡ ಏರಿ, ಮೀನುಗಳ ಉಸಿರು ಕಟ್ಟುವಷ್ಟು ಅನಿಲ ನುಗ್ಗಬಹುದು. ಎರಡು ಹಂತದ್ದಾದರೆ ಆ ಭಯ ಬಹುಮಟ್ಟಿಗೆ ಇಲ್ಲ. ಎಷ್ಟು ಉಳಿದಿದೆ ಎಂದು ತಿಳಿಯಲು ನಾನು ಸಿಲಿಂಡರನ್ನು ತೂಗಿಯೇ ನೋಡುವುದು. ಅದನ್ನು ಯಾವಾಗಲೂ ನೆಟ್ಟಗೆ ನಿಲ್ಲಿಸಿಡಿ.

ಸೊಲೆನಾಯ್ಡ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಇರುವ ರೆಗ್ಯುಲೇಟರನ್ನೇ ಕೊಳ್ಳಿ. ಟೈಮರಿಗೆ ಜೋಡಿಸಿ, ದೀಪ ಹೊತ್ತುವ ಒಂದೆರಡು ಗಂಟೆ ಮೊದಲು ಅನಿಲ ಶುರುವಾಗಲಿ, ದೀಪ ಆರುವ ಒಂದು ಗಂಟೆ ಮೊದಲು ನಿಲ್ಲಲಿ. ನೀರು ಹಿಂದಕ್ಕೆ ಹರಿಯದಂತೆ ಚೆಕ್ ವಾಲ್ವ್ ಬೇಕೇ ಬೇಕು.

ಡ್ರಾಪ್ ಚೆಕರ್ ಅಂದರೆ ನೀರಿನಲ್ಲಿನ ಸಿಓಟು ಪ್ರಮಾಣವನ್ನು ಬಣ್ಣದಿಂದ ತೋರಿಸುವ, ತೊಟ್ಟಿಯೊಳಗೆ ತೂಗುಹಾಕುವ ಪುಟ್ಟ ಗಾಜಿನ ಸಾಧನ. 4 ಡಿಕೆಎಚ್ (ಕಾರ್ಬೊನೇಟ್ ಗಡಸುತನದ ಅಳತೆ) ದ್ರಾವಣ ಹಾಕಿದ ಡ್ರಾಪ್ ಚೆಕರ್ ಹಸಿರಾದರೆ ಲೀಟರಿಗೆ ಸುಮಾರು 30 ಮಿಲಿಗ್ರಾಂ ಸಿಓಟು ಇದೆ ಎಂದರ್ಥ. ನೀಲಿ ಅಂದರೆ ಕಡಿಮೆ, ಹಳದಿ ಅಂದರೆ ಅತಿ. ಬಣ್ಣ ಬದಲಾಗಲು ಗಂಟೆಗಳೇ ಹಿಡಿಯುವುದರಿಂದ ಮೀನುಗಳ ಮೇಲೂ ಕಣ್ಣಿಡಿ. ಅವು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ತಕ್ಷಣ ಅನಿಲ ನಿಲ್ಲಿಸಿ, ಏರ್ ಪಂಪ್ ಹಾಕಿ.