ಹುಲ್ಲು ಕತ್ತರಿಸುವ ಯಂತ್ರ: ಪೆಟ್ರೋಲಿನಿಂದ ಆರಂಭವಾಗುವ ಆರೈಕೆ

ಮನೆಯ ಹುಲ್ಲುಹಾಸಿಗೆ ನಾನು ಬಳಸುತ್ತಿರುವುದು ಫೋರ್‌ಸ್ಟ್ರೋಕ್ ಎಂಜಿನ್ನಿನ, ಕೈಯಿಂದ ತಳ್ಳಿಕೊಂಡು ಹೋಗುವ ಯಂತ್ರ. ಇದರ ಆರೈಕೆಯಲ್ಲಿ ನನ್ನ ಹೆಚ್ಚಿನ ಗಮನ ಬ್ಲೇಡಿನ ಮೇಲಲ್ಲ, ಪೆಟ್ರೋಲಿನ ಮೇಲೆ. ಏಕೆಂದರೆ ಹಗ್ಗವನ್ನು ಎಷ್ಟು ಎಳೆದರೂ ಎಂಜಿನ್ ಶುರುವಾಗದಿದ್ದಾಗ ಕಾರಣ ಬಹಳ ಸಲ ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬುರೇಟರಿನಲ್ಲೇ ಸಿಗುತ್ತದೆ. ತಿಂಗಳುಗಟ್ಟಲೆ ನಿಂತ ಪೆಟ್ರೋಲಿನ ಹಗುರವಾದ ಅಂಶಗಳು ಆವಿಯಾಗಿ, ಉಳಿದದ್ದು ಅಂಟಾಗಿ, ಅದರೊಳಗೆ ಪೆಟ್ರೋಲ್ ಹಾಯುವ ಜೆಟ್ಟಿನ ಸಣ್ಣ ರಂಧ್ರವನ್ನು ಮುಚ್ಚುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದಾಗ ಅದು ಎಥನಾಲಿನ ಜೊತೆಗೂಡಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತದೆ, ಎಂಜಿನ್ನಿಗೆ ಹರಿದು ಹೋಗುವುದೂ ಆ ತಳದಿಂದಲೇ.

ಆದ್ದರಿಂದ ಒಂದು ತಿಂಗಳಿಗೆ ಸಾಲುವಷ್ಟು ಪೆಟ್ರೋಲನ್ನು ಮಾತ್ರ ತಂದು, ಇಂಧನಕ್ಕೆಂದೇ ತಯಾರಿಸಿದ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡುತ್ತೇನೆ. ಎಥನಾಲ್ ಶೇ. 10ನ್ನು ಮೀರಬಾರದೆಂದು ಯಂತ್ರದ ಕೈಪಿಡಿ ಹೇಳುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬಯಲಿನಲ್ಲಿ, ಆವಿ ಹಿಗ್ಗಲು ಸ್ವಲ್ಪ ಜಾಗ ಬಿಟ್ಟು ಟ್ಯಾಂಕ್ ತುಂಬಿಸುತ್ತೇನೆ. (ಪೆಟ್ರೋಲಿಗೆ ಆಯಿಲ್ ಬೆರೆಸುವುದು ಟೂಸ್ಟ್ರೋಕ್ ಎಂಜಿನ್ನಿಗೆ ಮಾತ್ರ.)

ಹುಲ್ಲು ಬೆಳೆಯದ ತಿಂಗಳುಗಳಿಗೆ ಯಂತ್ರವನ್ನು ಎತ್ತಿಡುವಾಗ ಕೆಲವರು ತಾಜಾ ಪೆಟ್ರೋಲಿಗೆ, ಅದು ಬೇಗ ಕೆಡದಂತೆ ತಡೆಯುವ ಸ್ಟೆಬಿಲೈಸರ್ ಬೆರೆಸಿ, ಅದು ಕಾರ್ಬುರೇಟರಿಗೂ ತಲುಪುವಂತೆ ಎಂಜಿನನ್ನು ಸ್ವಲ್ಪ ಹೊತ್ತು ಓಡಿಸಿ ಇಡುತ್ತಾರೆ. ಅದೂ ಸರಿಯಾದ ಕ್ರಮವೇ. ನನಗೆ ಮಾತ್ರ ಟ್ಯಾಂಕನ್ನು ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಕಾರ್ಬುರೇಟರಿನ ಬಟ್ಟಲಿನಲ್ಲಿ ಉಳಿದದ್ದನ್ನು ತಳದ ಬೋಲ್ಟ್ ಸಡಿಲಿಸಿ ಇಳಿಸುವುದೇ ಹೆಚ್ಚು ನೆಮ್ಮದಿ.

ಉಳಿದ ಕೆಲಸಗಳನ್ನೂ ಆಗಲೇ ಮುಗಿಸುತ್ತೇನೆ. ಎಂಜಿನ್ ಇನ್ನೂ ಬೆಚ್ಚಗಿರುವಾಗ ಆಯಿಲ್ ಇಳಿಸಿದರೆ ಕೊಳೆಯೂ ಅದರ ಜೊತೆ ಹೊರಬರುತ್ತದೆ. ಫೋಮ್ ಏರ್ ಫಿಲ್ಟರನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸುತ್ತೇನೆ; ಕಾಗದದ್ದಾದರೆ ತೊಳೆಯುವಂತಿಲ್ಲ. ಟ್ಯಾಂಕ್ ಖಾಲಿಯಿರುವುದರಿಂದ ಯಂತ್ರವನ್ನು ಓರೆ ಮಾಡಿದರೂ ಪೆಟ್ರೋಲ್ ಚೆಲ್ಲುವುದಿಲ್ಲ, ಆದರೂ ಎಂಜಿನ್ನಿನ ಆಯಿಲ್ ಏರ್ ಫಿಲ್ಟರಿಗೆ ನುಗ್ಗದಂತೆ ಆ ಫಿಲ್ಟರ್ ಇರುವ ಬದಿಯನ್ನು ಮೇಲಕ್ಕೇ ಇರಿಸುತ್ತೇನೆ. ಸ್ಪಾರ್ಕ್ ಪ್ಲಗ್ಗಿನ ವೈರನ್ನು ಕಿತ್ತು ದೂರವಿಟ್ಟ ನಂತರವೇ ಬ್ಲೇಡಿಗೆ ಕೈ ಹಾಕಿ, ಅಂಟಿದ ಹುಲ್ಲನ್ನು ಕೆರೆದು, ಎರಡೂ ಅಂಚುಗಳನ್ನು ಸಮವಾಗಿ ಮಸೆಯುತ್ತೇನೆ. ಒಂದು ಕಡೆ ಹೆಚ್ಚು ಸವೆದರೆ ಬ್ಲೇಡಿನ ತೂಕ ತಪ್ಪಿ ಇಡೀ ಯಂತ್ರ ನಡುಗತೊಡಗುತ್ತದೆ. ಅದಕ್ಕಾಗಿ ಬ್ಲೇಡನ್ನು ಗೋಡೆಯ ಮೊಳೆಗೆ ತೂಗುಹಾಕಿ, ಕೆಳಗೆ ವಾಲಿದ ಬದಿಯನ್ನು ಇನ್ನಷ್ಟು ಉಜ್ಜಿ, ಅಡ್ಡಕ್ಕೆ ನೇರವಾಗಿ ನಿಂತ ಮೇಲೆ ಮರಳಿ ಜೋಡಿಸುತ್ತೇನೆ.